ತಿಂದರೆ ಇಂಜೆಕ್ಷನ್ ದುಡ್ಡು ದಂಡ ಅಲ್ವಾ ಮೇಡಂ?

ಈ ಪ್ರಕರಣ ಬರೆಯಲು ಕಾರಣ, ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಂಡು ಮತ್ತೆ ತಿಂದರೆ ದುಡ್ಡು ದಂಡ ಅನ್ನುವ ಇದೇ ಮಾತನ್ನು ಈಗ ಬೇರೆ ಬೇರೆಯವರ ಬಾಯಲ್ಲಿ ಕೇಳುತ್ತಿದ್ದೇನೆ. 2025ರ ಮಾರ್ಚ್‌ನಲ್ಲಿ ಶುಗರ್, ತೂಕ ಎರಡಕ್ಕೂ ಕೊಡುವ ಟಿರ್ಜೆಪಟೈಡ್, ಜೂನ್‌ನಲ್ಲಿ ತೂಕ ಇಳಿಸಲೆಂದೇ ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಅಲ್ಲಿಂದೀಚೆಗೆ ನನ್ನ ಹತ್ತಿರ ಆಹಾರ ಸಲಹೆಗೆ ಬರುವ ಎಷ್ಟೋ ಜನರ ಬ್ಯಾಗಿನಲ್ಲಿ ಎರಡು ಬಗೆಯ ಔಷಧಿ ಇರುತ್ತದೆ. ಒಂದು, ಡಾಕ್ಟರ್ ಬರೆದುಕೊಟ್ಟದ್ದು. ಇನ್ನೊಂದು, ಯಾರೂ ಬರೆದುಕೊಡದ ವಿಟಮಿನ್ ಮಾತ್ರೆಗಳು. ಮೊದಲನೆಯದರ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಎರಡನೆಯದರ ಬಗ್ಗೆ ಬಾಯಿ ಬಿಡುವುದಿಲ್ಲ. ವಿಟಮಿನ್ ತಾನೇ, ಒಳ್ಳೇದೇ ಅಲ್ವಾ ಅನ್ನೋ ನಂಬಿಕೆ.

ಇವರನ್ನು ಸುಧಾ ಅನ್ನೋಣ. ಹೆಸರು, ಕೆಲಸ ಎಲ್ಲ ಬದಲಿಸಿದ್ದೇನೆ. ನಲವತ್ತು ದಾಟಿದವರು, ಬ್ಯಾಂಕ್ ಉದ್ಯೋಗಿ, ಮೊಟ್ಟೆಯನ್ನೂ ತಿನ್ನದ ಮನೆತನ. ಥೈರಾಯ್ಡ್ ಮಾತ್ರೆ ಬಹಳ ವರ್ಷದಿಂದ ತೆಗೆದುಕೊಳ್ಳುತ್ತಿದ್ದರು. ಮಂಡಿನೋವು ಜಾಸ್ತಿಯಾಗಿ, ಶುಗರ್ ಕೂಡ ಏರತೊಡಗಿದಾಗ ವೈದ್ಯರು ವಾರಕ್ಕೊಂದು ಇಂಜೆಕ್ಷನ್ ಶುರು ಮಾಡಿದ್ದರು. ಐದು ತಿಂಗಳಲ್ಲಿ 84 ಕೆಜಿಯಿಂದ 74ಕ್ಕೆ ಇಳಿದಿದ್ದರು. ನನ್ನ ಹತ್ತಿರ ಬಂದದ್ದು ತೂಕಕ್ಕಲ್ಲ, ಕೂದಲಿಗೆ. ಬಾಚಣಿಗೆ ತುಂಬ ಕೂದಲು, ಮೆಟ್ಟಿಲು ಹತ್ತಿದರೆ ಸುಸ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು.

ತೆಗೆದುಕೊಳ್ಳುವ ಎಲ್ಲಾ ಮಾತ್ರೆ ತನ್ನಿ ಅಂತ ಫೋನಿನಲ್ಲೇ ಹೇಳಿದ್ದೆ. ಅವರು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟದ್ದು ಸ್ಟೀಲಿನ ಒಗ್ಗರಣೆ ಡಬ್ಬಿ. ಸಾಸಿವೆ, ಜೀರಿಗೆ, ಉದ್ದಿನಬೇಳೆ ಇರಬೇಕಾದ ಏಳು ಬಟ್ಟಲುಗಳಲ್ಲಿ ಮಾತ್ರೆಗಳಿದ್ದವು. ಮಲ್ಟಿವಿಟಮಿನ್, ಬಿ-ಕಾಂಪ್ಲೆಕ್ಸ್, ಕ್ಯಾಲ್ಸಿಯಂ, ಕಬ್ಬಿಣ, ವಿಟಮಿನ್ ಡಿ, ಒಮೆಗಾ-3, ಕೊನೆಯ ಬಟ್ಟಲಲ್ಲಿ ಗುಲಾಬಿ ಬಣ್ಣದ ಬಯೋಟಿನ್ ಗಮ್ಮಿ, ಅಂದರೆ ಕೂದಲಿಗೆಂದು ಮಾರುವ ಬಿ ಗುಂಪಿನ ವಿಟಮಿನ್ ಹಾಕಿದ ಜೆಲ್ಲಿ ಮಿಠಾಯಿ. ಗಮ್ಮಿಗಳು ಕರಗಿ ತಳಕ್ಕೆ ಅಂಟಿಕೊಂಡಿದ್ದವು. ಒಮೆಗಾ-3 ಕ್ಯಾಪ್ಸೂಲ್ ಮೀನೆಣ್ಣೆಯದು. ಮೊಟ್ಟೆ ತಿನ್ನದವರಿಗೆ ಅದು ಗೊತ್ತೇ ಇರಲಿಲ್ಲ. ಬೇಜಾರಾಗುತ್ತದೆ ಅಂತ ಗೊತ್ತಿದ್ದೂ ಹೇಳಿದೆ. ತಾನು ಏನು ನುಂಗುತ್ತಿದ್ದೇನೆ ಅಂತ ತಿಳಿಯುವುದು ಅವರ ಹಕ್ಕು.

“ಇದನ್ನೆಲ್ಲ ಯಾವಾಗ ತಗೋತೀರಿ?”

“ಬೆಳಿಗ್ಗೆ ಎದ್ದ ಕೂಡಲೇ, ಥೈರಾಯ್ಡ್ ಮಾತ್ರೆ ಜೊತೆಗೇ. ಆಮೇಲೆ ಮರೆತುಹೋಗತ್ತೆ ಮೇಡಂ.”

“ನಿನ್ನೆ ಏನೇನು ತಿಂದ್ರಿ?”

ಬೆಳಿಗ್ಗೆ ಕಾಫಿ, ಎರಡು ಬಿಸ್ಕತ್ತು. ಮಧ್ಯಾಹ್ನ ನಾಲ್ಕು ಚಮಚ ಮೊಸರನ್ನ. ರಾತ್ರಿ ಒಂದು ಲೋಟ ಮಜ್ಜಿಗೆ. ಅಷ್ಟೇ.

ಈ ಇಂಜೆಕ್ಷನ್ ತೆಗೆದುಕೊಂಡಾಗ ಹಸಿವು ಕಡಿಮೆಯಾಗುತ್ತದೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ. ಹಾಗಾಗಿ ತಿನ್ನಲು ಆಗದೇ ಇರುವವರು ಇದ್ದಾರೆ. ಆದರೆ ಸುಧಾ ಹೇಳುವ ರೀತಿಯಲ್ಲಿ ಬೇರೇನೋ ಇತ್ತು. ಅದಕ್ಕೇ ನೇರವಾಗಿ ಕೇಳಿದೆ, “ಊಟ ಸೇರಲ್ವಾ, ಇಲ್ಲಾ ತಿನ್ನಬಾರದು ಅಂತ ಬಿಡ್ತೀರಾ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಡಬ್ಬಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು.

“ಹಸಿವಾದ ದಿನ ಭಯ ಆಗತ್ತೆ ಮೇಡಂ, ಇಂಜೆಕ್ಷನ್ ಕೆಲಸ ಮಾಡ್ತಿಲ್ವೇನೋ ಅಂತ. ಅಷ್ಟು ದುಡ್ಡು ಕೊಟ್ಟು ಮತ್ತೆ ತಿಂದ್ರೆ ದುಡ್ಡು ದಂಡ ಅಲ್ವಾ? ನಮ್ಮನೆಯವರೂ ಅದನ್ನೇ ಹೇಳ್ತಾರೆ. ಅದಕ್ಕೇ ನೋಡಿ, ವಿಟಮಿನ್ ಒಂದೂ ಬಿಡಲ್ಲ. ಮೈಗೆ ಏನೂ ಕಮ್ಮಿ ಆಗಬಾರದು ಅಂತ.”

ಅಲ್ಲಿಗೆ ನನಗೆ ಎಲ್ಲಾ ಅರ್ಥವಾಯಿತು. ಆ ಏಳು ಬಟ್ಟಲು ಊಟದ ಜೊತೆಗಿನ ಮಾತ್ರೆಗಳಲ್ಲ. ಊಟ ಬಿಡಲು ಅವರಿಗೆ ಸಿಕ್ಕ ಧೈರ್ಯ. ಎಷ್ಟೋ ಜನರಲ್ಲಿ ಇದೇ ಲೆಕ್ಕ ನಡೆಯುತ್ತಿದೆ, ಬಾಯಿ ಬಿಟ್ಟು ಹೇಳುವವರು ಕಡಿಮೆ.

“ಈ ಏಳು ಬಟ್ಟಲೂ ಸೇರಿ ಎಷ್ಟು ಪ್ರೋಟೀನ್ ಇರಬಹುದು?” ಅಂತ ಕೇಳಿದೆ.

“ಮಲ್ಟಿವಿಟಮಿನ್‌ನಲ್ಲಿ ಇರತ್ತಲ್ವಾ?”

ಇರುವುದಿಲ್ಲ. ವಿಟಮಿನ್ ಮಾತ್ರೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಪ್ರೋಟೀನ್ ಇಲ್ಲ, ನಾರಿಲ್ಲ, ಕೆಲಸ ಮಾಡುವ ಶಕ್ತಿ ಕೊಡುವ ಕ್ಯಾಲರಿಯೂ ಇಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕೆಜಿಯ ಹೆಂಗಸಿಗೆ ಅದು ಸುಮಾರು 46 ಗ್ರಾಂ. ತೂಕ ಇಳಿಯುತ್ತಿರುವಾಗ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಜಾಸ್ತಿಯೇ ಹೇಳುತ್ತೇವೆ. ಸುಧಾ ಹಿಂದಿನ ದಿನ ತಿಂದದ್ದರಲ್ಲಿ 10 ಗ್ರಾಂ ಸಿಕ್ಕಿದ್ದರೆ ಹೆಚ್ಚು. ಹೊಟ್ಟೆಗೆ ಸಿಗದಿದ್ದಾಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ. ತಕ್ಕಡಿಯ ಮುಳ್ಳು ಇಳಿಯುತ್ತದೆ ನಿಜ, ಆದರೆ ಇಳಿದದ್ದು ಬರೀ ಕೊಬ್ಬಲ್ಲ. ಕೂದಲು ಉದುರುವುದು ಕೂಡ ಹೀಗೆ ತೂಕ ಜೋರಾಗಿ ಇಳಿದ ಎರಡು ಮೂರು ತಿಂಗಳ ನಂತರ ಕಾಣಿಸಿಕೊಳ್ಳುತ್ತದೆ. ಊಟ ಸರಿಯಾದರೆ ಬಹಳಷ್ಟು ಜನರಿಗೆ ಮತ್ತೆ ಬೆಳೆಯುತ್ತದೆ. ಅದಕ್ಕೆ ಗಮ್ಮಿ ಬೇಡ.

“ಇಂಜೆಕ್ಷನ್ ಕೊಟ್ಟಿರೋದು ಹಸಿವು ತಗ್ಗಿಸೋಕೆ, ಊಟ ನಿಲ್ಲಿಸೋಕಲ್ಲ” ಅಂದೆ. “ಸ್ವಲ್ಪ ತಿಂದ್ರೆ ಸಾಕು ಅನ್ನಿಸ್ತಿದೆ ಅಲ್ವಾ? ಆ ಸ್ವಲ್ಪವನ್ನು ಒಳ್ಳೇ ಊಟ ಮಾಡ್ಕೊಳ್ಳಿ. ಆಗ ನಿಮ್ಮ ದುಡ್ಡು ದಂಡ ಆಗಲ್ಲ. ಈಗ ಆಗ್ತಿರೋದೇ ದಂಡ.” ಇಷ್ಟು ಗಟ್ಟಿಯಾಗಿ ನಾನು ಸಾಮಾನ್ಯವಾಗಿ ಮಾತಾಡುವುದಿಲ್ಲ. ಅವತ್ತು ಆಡಬೇಕಿತ್ತು.

ಇನ್ನು ಆ ಗಮ್ಮಿಯ ವಿಷಯ. ಇದನ್ನು ಥೈರಾಯ್ಡ್ ಇರುವ ಪ್ರತಿಯೊಬ್ಬರೂ ತಿಳಿದಿರಬೇಕು. ಬಯೋಟಿನ್ ನಮಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ 5,000, 10,000 ಮೈಕ್ರೋಗ್ರಾಂ ಕೂಡ ಇರುತ್ತದೆ. ಇಷ್ಟು ಪ್ರಮಾಣ ರಕ್ತದಲ್ಲಿದ್ದರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಥೈರಾಯ್ಡ್ ರಿಪೋರ್ಟ್ ತಪ್ಪು ಬರುತ್ತದೆ. ಟಿ4 ಅಂದರೆ ಥೈರಾಯ್ಡ್ ಗ್ರಂಥಿ ಮಾಡುವ ಹಾರ್ಮೋನ್. ಅದು ಸಾಲದಿದ್ದಾಗ ಇನ್ನಷ್ಟು ಮಾಡು ಅಂತ ಮಿದುಳಿನ ಕಡೆಯಿಂದ ಬರುವ ಸೂಚನೆ ಟಿಎಸ್‌ಎಚ್. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಜಾಸ್ತಿ ಕಾಣಿಸುತ್ತದೆ. ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆಯೂ ತಪ್ಪಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಸುಧಾ ತಂದಿದ್ದ ರಿಪೋರ್ಟ್‌ನಲ್ಲಿ ಟಿಎಸ್‌ಎಚ್ ತೀರಾ ಕಡಿಮೆ ಇತ್ತು. ತೂಕ ಇಳಿದದ್ದಕ್ಕೆ ಥೈರಾಯ್ಡ್ ವಾಸಿಯಾಯಿತು ಅಂದುಕೊಂಡು, ಮಾತ್ರೆಯನ್ನು ಅರ್ಧ ಮಾಡುವ ಯೋಚನೆಯಲ್ಲಿದ್ದರು. ತೂಕ ಇಳಿದಾಗ ಡೋಸ್ ಬದಲಾಗುವುದು ಉಂಟು, ಆದರೆ ಅವರ ಲಕ್ಷಣಗಳು ಅದಕ್ಕೆ ಹೊಂದುತ್ತಿರಲಿಲ್ಲ. ಮೈ ತಣ್ಣಗೆ, ಮಲಬದ್ಧತೆ, ಸುಸ್ತು. ಮಾತ್ರೆ ಮುಟ್ಟಬೇಡಿ, ಮೊದಲು ನಿಮ್ಮ ವೈದ್ಯರಿಗೆ ಬಯೋಟಿನ್ ತಿನ್ನುತ್ತಿರುವುದನ್ನು ಹೇಳಿ ಅಂದೆ. ವೈದ್ಯರು ಕೆಲವು ದಿನ ಗಮ್ಮಿ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಿದರು. ಟಿಎಸ್‌ಎಚ್ ನಿಜಕ್ಕೂ ಜಾಸ್ತಿಯೇ ಇತ್ತು, ಅಂದರೆ ಥೈರಾಯ್ಡ್ ಹಾರ್ಮೋನ್ ಮೈಗೆ ಸಾಲುತ್ತಿರಲಿಲ್ಲ. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಥೈರಾಕ್ಸಿನ್ ಅಂದರೆ ಥೈರಾಯ್ಡ್ ಮಾತ್ರೆಯನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣ ಕಾಯಿಲೆ ಹೆಚ್ಚಿಸಿದ್ದವು, ಬಯೋಟಿನ್ ಅದನ್ನು ರಿಪೋರ್ಟ್‌ನಲ್ಲಿ ಮುಚ್ಚಿತ್ತು. ಎಲ್ಲವನ್ನೂ ಅವರು ಒಳ್ಳೇದಕ್ಕೇ ಅಂತ ನುಂಗುತ್ತಿದ್ದರು.

ವಿಟಮಿನ್ ಡಿ ಕತೆಯೂ ಚಿಕ್ಕದಲ್ಲ. 60,000 ಯೂನಿಟ್‌ನ ಕ್ಯಾಪ್ಸೂಲ್, ವಾರಕ್ಕೊಂದರಂತೆ ಎಂಟು ವಾರ ಅಂತ ಯಾವತ್ತೋ ಬರೆದುಕೊಟ್ಟ ಚೀಟಿ. ಅದೇ ಚೀಟಿಯಲ್ಲಿ ಎರಡು ವರ್ಷದಿಂದ ಅಂಗಡಿಯಲ್ಲಿ ತರುತ್ತಿದ್ದರು. ಡಿ ಮೈಯಲ್ಲಿ ಶೇಖರವಾಗುವ ವಿಟಮಿನ್. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ವಾಕರಿಕೆ, ಮಲಬದ್ಧತೆ, ಬಾಯಾರಿಕೆ ಬರುತ್ತವೆ, ಕಿಡ್ನಿಗೂ ಪೆಟ್ಟು. ವಾಕರಿಕೆ ಮಲಬದ್ಧತೆ ಇಂಜೆಕ್ಷನ್‌ನಿಂದಲೂ ಬರುತ್ತವಲ್ಲ, ಯಾವುದರದ್ದು ಅಂತ ಬರೀ ಕೇಳಿ ಹೇಳುವುದು ಹೇಗೆ? ಪುಣ್ಯಕ್ಕೆ ಇವರ ಕ್ಯಾಲ್ಸಿಯಂ ಸರಿ ಇತ್ತು. ಡಿ ಸಾಕಷ್ಟಿದೆ ಅಂತ ವೈದ್ಯರು ಕ್ಯಾಪ್ಸೂಲ್ ನಿಲ್ಲಿಸಿದರು. ನಿಜಕ್ಕೂ ಕಡಿಮೆ ಇದ್ದದ್ದು ಬಿ12 ಮತ್ತು ಕಬ್ಬಿಣ. ಅವೆರಡಕ್ಕೂ ವೈದ್ಯರೇ ಡೋಸ್ ಬರೆದುಕೊಟ್ಟರು.

ನಾನು ಕೊಟ್ಟ ಸಲಹೆಯಲ್ಲಿ ಮಾತ್ರೆಯ ಸಮಯದ ಪಾಲು ಸಣ್ಣದು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ, ಒಂದೇ. ಕಾಫಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು. ಕಬ್ಬಿಣ ಕನಿಷ್ಠ ನಾಲ್ಕು ಗಂಟೆ ಬಿಟ್ಟು. ಕ್ಯಾಲ್ಸಿಯಂ ಮಾತ್ರೆ ಬೇಕೇ ಅಂತ ವೈದ್ಯರು ನಿರ್ಧರಿಸಿದರೆ ಅದಕ್ಕೂ ಅಷ್ಟೇ ಅಂತರ, ಕಬ್ಬಿಣದ ಜೊತೆಗಂತೂ ಬೇಡ.

ಹೆಚ್ಚು ಸಮಯ ಹೋದದ್ದು ಊಟಕ್ಕೆ. ಒಗ್ಗರಣೆ ವಾಸನೆಗೇ ವಾಕರಿಕೆ ಬರುತ್ತದೆ ಅಂದದ್ದರಿಂದ ಬಿಸಿ ಅಡುಗೆ ಬದಿಗಿಟ್ಟು, ತಣ್ಣಗೆ ತಿನ್ನುವಂಥದ್ದನ್ನು ಹುಡುಕಿದೆವು. ಒಗ್ಗರಣೆ ಹಾಕದ ಹೆಸರುಬೇಳೆ ಕೋಸಂಬರಿ. ಗಟ್ಟಿ ಮೊಸರು. 50 ಗ್ರಾಂ ಪನೀರ್‌ಗೆ ಉಪ್ಪು, ಮೆಣಸಿನಪುಡಿ. ಒಂದು ಹಿಡಿ ಹುರಿಗಡಲೆ ಅಂದರೆ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಲೋಟ ಹಾಲೂ ಅಷ್ಟೇ. ರಾಗಿ ಅಂಬಲಿ ಅವರಿಗೆ ತುಂಬಾ ಹಿಡಿಸಿತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ ಅಂದಾಗ ಡಬ್ಬಿಯ ಕಡೆ ನೋಡಿ, “ನಮ್ಮಜ್ಜಿ ದಿನಾ ಕುಡೀತಿದ್ರು” ಅಂದರು. ಒಂದೇ ಸಲ ತಟ್ಟೆ ತುಂಬ ಬಡಿಸಿಕೊಳ್ಳದೆ ದಿನಕ್ಕೆ ಐದು ಸಲ, ಸಣ್ಣ ಬಟ್ಟಲಲ್ಲಿ. ಬಟ್ಟಲಲ್ಲಿ ಮೊದಲು ಕಾಳು, ಮೊಸರು, ಪನೀರ್. ಅನ್ನ ಆಮೇಲೆ.

ಮುಂದಿನ ಭೇಟಿಗೆ ಗಂಡನನ್ನೂ ಕರೆತನ್ನಿ ಅಂದೆ. ಬಂದರು. ಕೆಟ್ಟ ಮನುಷ್ಯ ಅಲ್ಲ. “ತಿನ್ನಬಾರದು ಅಂತಲೇ ಅಲ್ವಾ ಮೇಡಂ ಇಷ್ಟು ಖರ್ಚು ಮಾಡ್ತಿರೋದು?” ಅಂತ ಪ್ರಾಮಾಣಿಕವಾಗಿ ಕೇಳಿದರು. ಔಷಧಿ ಏನು ಮಾಡುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ ಮೇಲೆ ಕೇಳಿದ್ದು ಒಂದೇ, “ಹಾಗಾದ್ರೆ ದಿನಕ್ಕೆ ಎಷ್ಟು ತಿನ್ನಬೇಕು, ಬರೆದುಕೊಡಿ.” ತೂಕದ ಇಂಜೆಕ್ಷನ್ ಬರೆಯುವಾಗಲೇ ಮನೆಯವರನ್ನೂ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಬೇಕು ಅಂತ ನಾನು ಎಲ್ಲ ಕಡೆ ಹೇಳುವುದು ಇದಕ್ಕೇ.

ಇಂಜೆಕ್ಷನ್ನೇ ನಿಲ್ಲಿಸಿ ಅಂತ ಯಾಕೆ ಹೇಳಲಿಲ್ಲ ಅಂತ ನನ್ನನ್ನು ಕೇಳಿದವರಿದ್ದಾರೆ. ಹೇಳುವುದಿಲ್ಲ. ಅದು ವೈದ್ಯರು ಪರೀಕ್ಷಿಸಿ ಕೊಟ್ಟ ಔಷಧಿ. ಅವರ ಮಂಡಿನೋವು ಕಡಿಮೆಯಾಗಿದೆ, ಶುಗರ್ ಇಳಿದಿದೆ. ದಪ್ಪ ಇರುವುದು ಸೋಮಾರಿತನ, ಔಷಧಿ ತೆಗೆದುಕೊಳ್ಳುವುದು ಅಡ್ಡದಾರಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಮಾತಿಗೆ ಹೆದರಿಯೇ ಎಷ್ಟೋ ಜನ ತಾವು ತೆಗೆದುಕೊಳ್ಳುವುದನ್ನೆಲ್ಲ ಮುಚ್ಚಿಡುತ್ತಾರೆ. ಹಾಗೆಯೇ ನಾನು ವಿಟಮಿನ್ ವಿರೋಧಿಯೂ ಅಲ್ಲ. ಊಟ ತೀರಾ ಕಡಿಮೆಯಾದಾಗ ದಿನಕ್ಕೊಂದು ಸಾಧಾರಣ ಮಲ್ಟಿವಿಟಮಿನ್ ಒಳ್ಳೆಯದೇ. ಸುಧಾ ಅವರಿಗೂ ಅದೊಂದನ್ನು ಉಳಿಸಿದೆವು, ಮಧ್ಯಾಹ್ನದ ಊಟದ ಜೊತೆಗೆ.

ಬೇರೆ ತೂಕದ ಔಷಧಿಗಳಲ್ಲಿ ಲೆಕ್ಕ ಬೇರೆ. ಆರ್ಲಿಸ್ಟಾಟ್ ತೆಗೆದುಕೊಳ್ಳುವವರಿಗೆ ಮಲ್ಟಿವಿಟಮಿನ್ ಬೇಕೇ ಬೇಕು. ಅದು ಊಟದ ಕೊಬ್ಬಿನಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಮೈಗೆ ಸೇರದಂತೆ ತಡೆಯುತ್ತದೆ, ಕೊಬ್ಬಿನ ಜೊತೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೊರಗೆ ಹೋಗುತ್ತವೆ. ಅದಕ್ಕೆ ಆರ್ಲಿಸ್ಟಾಟ್‌ಗೂ ವಿಟಮಿನ್‌ಗೂ ಎರಡು ಗಂಟೆ ಅಂತರ ಇರಬೇಕು, ರಾತ್ರಿ ಮಲಗುವಾಗ ತೆಗೆದುಕೊಂಡರೆ ಸುಲಭ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ. ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, 120 ಮಿಲಿಲೀಟರ್ ಮೀರದಷ್ಟು ನೀರಿನಲ್ಲಿ ನುಂಗಿ ಅರ್ಧ ಗಂಟೆ ಬೇರೇನೂ ಬಾಯಿಗೆ ಹಾಕಬಾರದು, ವಿಟಮಿನ್ ಕೂಡ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡವರಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ, ಬಿ12 ಕುಸಿಯಬಹುದು. ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನೊಂದು, ಇದು ಕಾಯುವ ವಿಷಯವಲ್ಲ. ಇಂಜೆಕ್ಷನ್ ನಂತರ ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ, ನೀರೂ ಉಳಿಯದಿದ್ದರೆ, ವಿಟಮಿನ್ ಮಾತ್ರೆ ನುಂಗುತ್ತಾ ಮನೆಯಲ್ಲಿ ಕೂರಬೇಡಿ. ಥಯಮಿನ್ ಅಂದರೆ ಬಿ1 ನಮ್ಮ ಮೈಯಲ್ಲಿ ಹೆಚ್ಚು ದಿನದ ದಾಸ್ತಾನು ಇರುವುದಿಲ್ಲ. ಅದು ಖಾಲಿಯಾದರೆ ನಡಿಗೆ ತೂರಾಡುತ್ತದೆ, ಕಣ್ಣು ಮಂಜಾಗಬಹುದು ಅಥವಾ ಎರಡೆರಡು ಕಾಣಬಹುದು, ಮನಸ್ಸು ಗೊಂದಲವಾಗುತ್ತದೆ, ಮಿದುಳಿಗೆ ಪೆಟ್ಟು ಬೀಳುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಿ. ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಈ ಪೆಟ್ಟು ಹೆಚ್ಚಬಹುದು, ಅದಕ್ಕೇ ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆಯೇ ಹೇಳಿ: ಯಾವ ಇಂಜೆಕ್ಷನ್ ತೆಗೆದುಕೊಂಡಿದ್ದೀರಿ, ಎಷ್ಟು ದಿನದಿಂದ ಊಟ ಉಳಿದಿಲ್ಲ, ಏನೇನು ಮಾತ್ರೆ ನುಂಗಿದ್ದೀರಿ, ಎಲ್ಲವನ್ನೂ.