ಓಟವೇ ಇಲ್ಲದ ವ್ಯಾನಿನ ಬ್ರೇಕ್ ಪ್ಯಾಡ್ ಇಷ್ಟು ಬೇಗ ಸವೆಯುವುದೇಕೆ?

ಸೋಮವಾರಪೇಟೆ ಕಡೆ ತೋಟದ ಕೆಲಸಕ್ಕಿಟ್ಟ ಸಣ್ಣ ಸರಕು ವ್ಯಾನ್, ತಿಂಗಳಿಗೆ 300 ಕಿ.ಮೀ. ಕೂಡ ಓಡುವುದಿಲ್ಲ; ಆದರೂ ಮುಂದಿನ ಎಡಚಕ್ರದ ಒಳಗಿನ ಪ್ಯಾಡ್ ಕಬ್ಬಿಣಕ್ಕೆ ಬಂದಿದೆ, ಹೊರಗಿನದು ಅರ್ಧ ಉಳಿದಿದೆ ಎಂದು ಬರೆದಿದ್ದೀರಿ. ಗ್ಯಾರೇಜಿನವರು ಘಾಟಿ ರಸ್ತೆಯ ಮೇಲೆ ಹಾಕಿದರಂತೆ. ಘಾಟಿಯೇ ಕಾರಣವಾಗಿದ್ದರೆ ಮುಂದಿನ ನಾಲ್ಕೂ ಪ್ಯಾಡ್ ಹೆಚ್ಚುಕಡಿಮೆ ಒಂದೇ ಸಮ ಸವೆಯಬೇಕಿತ್ತು. ಒಂದೇ ಚಕ್ರದ ಒಳಗಿನದು ಮಾತ್ರ ಹೋಗಿದೆ ಎಂದರೆ ಅಲ್ಲೇನೋ ಜಾಮ್ ಆಗಿದೆ. ನನ್ನ ಮೊದಲ ಅನುಮಾನ ಕ್ಯಾಲಿಪರಿನ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆಯಂಥ ಭಾಗ) ಸ್ಲೈಡ್ ಪಿನ್ ಮೇಲೆ.

ಇಂಥ ವ್ಯಾನುಗಳಲ್ಲಿ ಪಿಸ್ಟನ್ ಒಂದೇ, ಅದೂ ಒಳಬದಿಗೆ. ಅದು ಒಳಗಿನ ಪ್ಯಾಡನ್ನು ಚಕ್ರದೊಡನೆ ತಿರುಗುವ ಡಿಸ್ಕಿಗೆ ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ತುಕ್ಕು ಹಿಡಿದರೆ ಕ್ಯಾಲಿಪರ್ ಜಾರುವುದಿಲ್ಲ, ದುಡಿಮೆಯೆಲ್ಲ ಒಳಗಿನದಕ್ಕೇ ಬೀಳುತ್ತದೆ. ದಿನಾ ಓಡುವ ಗಾಡಿಯಲ್ಲಿ ಪಿನ್ ಆಡುತ್ತಿರುತ್ತದೆ, ಬ್ರೇಕಿನ ಬಿಸಿಗೆ ತೇವ ಆರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಂತಲ್ಲೇ ನಿಂತ ಗಾಡಿಗೆ ಆ ಭಾಗ್ಯವಿಲ್ಲ. ಪಿನ್ನಿನ ರಬ್ಬರ್ ಬೂಟ್ ಒಂದು ಕಡೆ ಹರಿದಿದ್ದರೂ ಸಾಕು, ನೀರು ಒಳಗಿಳಿಯುತ್ತದೆ. ಡಿಸ್ಕಿನ ಮೇಲೆ ಕೂತ ತುಕ್ಕು ಬೇರೆ, ಗಾಡಿ ಹೊರಟಾಗಲೆಲ್ಲ ಪ್ಯಾಡನ್ನು ಎಮೆರಿ ಪೇಪರಿನಂತೆ ಉಜ್ಜುತ್ತದೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ. ಸಮತಟ್ಟಾದ ಜಾಗದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಡ ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಯಾರಿಗಾದರೂ ಬ್ರೇಕ್ ಒತ್ತಿ ಬಿಡಲು ಹೇಳಿ ಚಕ್ರ ತಿರುಗಿಸಿ. ಬಿಗಿ ಇದ್ದರೆ ಬ್ಲೀಡರ್ ನಿಪ್ಪಲ್ (ಕ್ಯಾಲಿಪರಿನಿಂದ ಬ್ರೇಕ್ ಆಯಿಲ್ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ತಕ್ಷಣ ಚಕ್ರ ಹಗುರಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ: ಸಾಮಾನ್ಯವಾಗಿ ಒಳಗೆ ಊದಿದ ಬ್ರೇಕ್ ಹೋಸ್ (ಆಯಿಲ್ ಒಯ್ಯುವ ರಬ್ಬರ್ ಕೊಳವೆ), ಎರಡೂ ಮುಂದಿನ ಚಕ್ರ ಹಾಗೇ ಇದ್ದರೆ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್. ಆಗಲೂ ಬಿಗಿಯೇ ಇದ್ದರೆ ಪಿನ್, ಪಿಸ್ಟನ್ ಇಲ್ಲವೇ ಪ್ಯಾಡ್ ಕೂರುವ ಬ್ರಾಕೆಟ್.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ಹೋಸಿನಿಂದ ನೇತುಬಿಡಬೇಡಿ, ತಂತಿಯಿಂದ ಕಟ್ಟಿ. ಪಿನ್ ಕೈಯಲ್ಲೇ ಸಲೀಸಾಗಿ ಒಳಗೆ ಹೊರಗೆ ಆಡಬೇಕು. ಗುಳಿ ಬಿದ್ದಿದ್ದರೆ ಉಜ್ಜುತ್ತ ಕೂರಬೇಡಿ. ಹೊಸ ಪಿನ್, ಬೂಟ್ ಕಿಟ್ ಹಾಕಿ. ಕೆಲವು ಕ್ಯಾಲಿಪರುಗಳಲ್ಲಿ ಮೇಲಿನ, ಕೆಳಗಿನ ಪಿನ್ ಬೇರೆ ಬೇರೆ, ಅದಲುಬದಲಾಗದಂತೆ ನೋಡಿಕೊಳ್ಳಿ. ಹಚ್ಚಬೇಕಾದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್, ತೆಳ್ಳಗೆ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಮತ್ತೆ ಹಿಡಿಯುತ್ತದೆ. ಗ್ಯಾರೇಜುಗಳಲ್ಲಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಬ್ರಾಕೆಟ್ಟಿನ ಕ್ಲಿಪ್ ತೆಗೆದು ಅಡಿಯ ತುಕ್ಕನ್ನು ವೈರ್ ಬ್ರಷ್‌ನಿಂದ ಕೆರೆಯಿರಿ. ಅಲ್ಲಿ ತುಕ್ಕು ಉಬ್ಬಿದರೆ ಕ್ಲಿಪ್ ಮೇಲೆದ್ದು ಪ್ಯಾಡ್ ಹಿಂದೆ ಸರಿಯುವುದೇ ಇಲ್ಲ. ಪಿಸ್ಟನ್ನನ್ನು ಸಿ ಕ್ಲಾಂಪಿನಿಂದ ನಿಧಾನ ಒತ್ತಿ (ಬ್ರೇಕ್ ಆಯಿಲ್ ಡಬ್ಬಿ ಉಕ್ಕದಂತೆ ಕಣ್ಣಿಟ್ಟು). ನಿಪ್ಪಲ್ ಸಡಿಲಿಸಿದರೂ ಜಗ್ಗದಿದ್ದರೆ ಸೀಲ್ ಕಿಟ್ ಸಾಲದು, ಪಿಸ್ಟನ್ನೂ ಬದಲಾಯಿಸಬೇಕಾದೀತು.

ಹೊಸ ಪ್ಯಾಡ್ ಎರಡೂ ಚಕ್ರಕ್ಕೆ ಸೆಟ್ಟಾಗಿ ಹಾಕಿ. ಕಬ್ಬಿಣ ಉಜ್ಜಿದ ಡಿಸ್ಕಿನಲ್ಲಿ ಗೀರು ಬಿದ್ದಿರುತ್ತದೆ. ದಪ್ಪ ಅಳೆದು, ಡಿಸ್ಕಿನ ಮೇಲೆ ಕೆತ್ತಿದ ಕನಿಷ್ಠ ಅಳತೆಗಿಂತ ಕಡಿಮೆ ಇದ್ದರೆ ಅದನ್ನೂ ಬದಲಿಸಿ. ಗಾಡಿ ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಮರೆತರೆ ಮೊದಲ ತಿರುವಿನಲ್ಲೇ ಬ್ರೇಕ್ ಇರುವುದಿಲ್ಲ. ಈ ಕೆಲಸ ಮುಗಿಯುವವರೆಗೆ ಲೋಡ್ ಹಾಕಿ ಸಂಪಾಜೆ ಘಾಟಿ ಇಳಿಸಲೇಬೇಡಿ.

ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ ಕೂಡ ಬಿಚ್ಚಿಸಿ. ಡ್ರಮ್ಮಿಗೆ ಒತ್ತುವ ಶೂಗಳ ಅಂತರ ಸರಿಪಡಿಸುವ ಅಡ್ಜಸ್ಟರ್ ಜಾಮ್ ಆಗಿ ಶೂ ದೂರವೇ ಉಳಿದಿದ್ದರೆ ಹಿಂದಿನ ಬ್ರೇಕ್ ಹೆಸರಿಗಷ್ಟೇ, ಭಾರವೆಲ್ಲ ಮುಂದಿನದಕ್ಕೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಓಟ ಎಷ್ಟೇ ಇರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯುವಂಥದ್ದು, ತೇವ ಸೇರಿದ ಮೇಲೆ 155ರ ಸುಮಾರಿಗೇ ಕುದಿಯಬಹುದು.

ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗ ನೋಡಿ ಒಂದನೇ ಗೇರಿನಲ್ಲಿಟ್ಟು ಚಕ್ರದ ಎರಡೂ ಬದಿಗೆ ಕಲ್ಲು ಕೊಡಿ. ವಾರಕ್ಕೊಮ್ಮೆ ಐದಾರು ಕಿ.ಮೀ. ಓಡಿಸಿ, ಶೆಡ್ಡಿಗೆ ಬರುವ ಮುನ್ನ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ ಡಿಸ್ಕ್ ಒಣಗಿಸಿಕೊಳ್ಳಿ.