ಓದುಗರ ಪ್ರಶ್ನೆ, ನಮ್ಮ ಉತ್ತರ: ‘ವೀರಪಾಂಡಿಯ ಕಟ್ಟಬೊಮ್ಮನ್’

ಪ್ರಶ್ನೆ: 1959ರ ಈ ತಮಿಳು ಚಿತ್ರ ಗೇವಾಕಲರ್ ಎಂದು ಕೆಲವರು, ಟೆಕ್ನಿಕಲರ್ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ? (ಹಾಸನ)

ಉತ್ತರ: ಎರಡೂ ಸರಿ. ಚಿತ್ರೀಕರಣ ನಡೆದದ್ದು ಗೇವಾಕಲರ್ ಎಂಬ ಬಣ್ಣದ ಫಿಲಂನ ನೆಗೆಟಿವ್‌ನಲ್ಲಿ, ಟೆಕ್ನಿಕಲರ್ ಪ್ರಿಂಟ್ ತಯಾರಾದದ್ದು ಲಂಡನ್ನಿನಲ್ಲಿ.

ವ್ಯತ್ಯಾಸ ಇರುವುದು ಬಣ್ಣ ಕೂರುವ ರೀತಿಯಲ್ಲಿ. ಮಾಮೂಲಿ ಕಲರ್ ಪ್ರಿಂಟ್‌ನಲ್ಲಿ ಬಣ್ಣ ಫಿಲಂ ಮೇಲಿನ ಲೇಪದೊಳಗೇ ರಾಸಾಯನಿಕ ಕ್ರಿಯೆಯಿಂದ ಹುಟ್ಟುತ್ತದೆ. ವರ್ಷಗಳು ಕಳೆದಂತೆ ಸಯಾನ್ (ಹಸಿರು ಬೆರೆತ ನೀಲಿ) ಮೊದಲು ಕೈಕೊಡುತ್ತದೆ. ಹಳೆಯ ಪ್ರಿಂಟುಗಳ ಮುಖ, ಆಕಾಶ ಎಲ್ಲ ಗುಲಾಬಿಯಾಗುವುದು ಅದರಿಂದಲೇ. ಟೆಕ್ನಿಕಲರ್‌ನಲ್ಲಿ ನೆಗೆಟಿವ್‌ನಿಂದ ಮೂರು ಮ್ಯಾಟ್ರಿಕ್ಸ್ ಫಿಲಂ ತೆಗೆದು, ಒಂದೊಂದನ್ನೂ ಹಳದಿ, ಮಜೆಂತಾ, ಸಯಾನ್ ಬಣ್ಣದಲ್ಲಿ ಅದ್ದಿ, ಒಂದೇ ಫಿಲಂ ಮೇಲೆ ಸರದಿಯಂತೆ ಒತ್ತುತ್ತಾರೆ. ಸೀರೆಗೆ ಅಚ್ಚು ಹಾಕಿದಂತೆ. ಮೂರು ಅಚ್ಚುಗಳು ಕೂದಲೆಳೆಯಷ್ಟು ತಪ್ಪಿದರೂ ಅಂಚಿನಲ್ಲಿ ಬಣ್ಣದ ಗೆರೆ ಕಾಣುತ್ತದೆ, ಸರಿಯಾಗಿ ಕೂತರೆ ದಶಕಗಟ್ಟಲೆ ಮಾಸುವುದಿಲ್ಲ.

ಆದರೆ ಈ ಗಟ್ಟಿತನ ಪ್ರಿಂಟ್‌ನದು, ನೆಗೆಟಿವ್‌ನದಲ್ಲ. ನೆಗೆಟಿವ್ ತನ್ನ ಪಾಡಿಗೆ ಮಾಸುತ್ತಲೇ ಇರುತ್ತದೆ. ಹಾಗಾಗಿ ಇಂಥ ಚಿತ್ರಗಳನ್ನು ಡಿಜಿಟಲ್‌ಗೆ ತರುವಾಗ ಪಕ್ಕದಲ್ಲಿ ಒಳ್ಳೆಯ ಟೆಕ್ನಿಕಲರ್ ಪ್ರಿಂಟ್ ಇಟ್ಟು ಹೋಲಿಸಿ ಬಣ್ಣ ತಿದ್ದುವುದೇ ಸರಿ. ಇಲ್ಲದಿದ್ದರೆ ಉಳಿಯುವುದು ಬಣ್ಣ ತಿದ್ದುವವನ ಊಹೆ ಮಾತ್ರ.

ಪ್ರಶ್ನೆ: ಟಿವಿಯಲ್ಲಿ ಶಿವಾಜಿ ಗಣೇಶನ್ ಕಿರೀಟವೇ ಕತ್ತರಿಸಿಹೋಗುತ್ತದೆ. ಡಿವಿಡಿಯಲ್ಲಿ ದನಿ ಕೀಚಲು. ಏನು ಮಾಡಲಿ? (ಶಿವಮೊಗ್ಗ)

ಉತ್ತರ: ಆ ಕಾಲದ ಚೌಕಟ್ಟು ಹೆಚ್ಚುಕಡಿಮೆ 4:3, ಈಗಿನ ಟಿವಿ 16:9. ಅಗಲ ತುಂಬಿಸಲು ಚಿತ್ರವನ್ನು ಹಿಗ್ಗಿಸಿದರೆ ಎತ್ತರದಲ್ಲಿ ಕಾಲು ಭಾಗ ಹೊರಗೆ ಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ‘ಝೂಮ್’ ತೆಗೆದು 4:3 ಇಡಿ. ಎಡಬಲದಲ್ಲಿ ಕಪ್ಪು ಪಟ್ಟಿ ಬಂದರೆ ಅದೇ ಸರಿಯಾದ ಚಿತ್ರ. ವಾಹಿನಿಯೇ ಕತ್ತರಿಸಿ ಕಳಿಸಿದ್ದರೆ ನಿಮ್ಮ ರಿಮೋಟ್‌ನಿಂದ ಆಗುವುದೇನೂ ಇಲ್ಲ.

ದನಿಯ ಕಥೆ ಬೇರೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ನಮ್ಮ ಪಾಲ್ (PAL) ಟಿವಿ ಪದ್ಧತಿಯ ಡಿವಿಡಿ 25. 200 ನಿಮಿಷದ ಚಿತ್ರ 192ಕ್ಕೆ ಮುಗಿಯುತ್ತದೆ, ಶ್ರುತಿ ಹಾರ್ಮೋನಿಯಂನ ಮುಕ್ಕಾಲು ಮನೆಯಷ್ಟು ಏರುತ್ತದೆ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ ವೇಗ 0.96 ಮಾಡಿ. ಅಷ್ಟಕ್ಕೇ ಶ್ರುತಿ ಇಳಿಯುವುದಿಲ್ಲ, ಏಕೆಂದರೆ ಆಡಿಯೊ ಸೆಟ್ಟಿಂಗ್‌ನ ‘ಟೈಮ್ ಸ್ಟ್ರೆಚ್’ ಅದನ್ನು ಹಿಡಿದಿಟ್ಟಿರುತ್ತದೆ, ಅದನ್ನೂ ಆಫ್ ಮಾಡಬೇಕು. ಎಂಟು ನಿಮಿಷಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಹಾಡಿಗೋ ದೃಶ್ಯಕ್ಕೋ ಕತ್ತರಿ ಬಿದ್ದಿದೆ ಎಂದೇ ಲೆಕ್ಕ.

ಪ್ರಶ್ನೆ: ಜಾಕ್ಸನ್ ಎದುರು ಕಟ್ಟಬೊಮ್ಮನ್ ತೆರಿಗೆ ಕುರಿತು ಆಡುವ ಆ ಸಿಡಿಲಿನಂಥ ಮಾತುಗಳು ದಾಖಲೆಯಲ್ಲಿವೆಯೇ? (ಮೈಸೂರು)

ಉತ್ತರ: ಭೇಟಿ ನಿಜ, ಮಾತು ನಾಟಕದ್ದು. ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಜಾಕ್ಸನ್‌ನನ್ನು ಪಾಂಚಾಲಂಕುರಿಚಿಯ ಪಾಳೆಯಗಾರ ಕಟ್ಟಬೊಮ್ಮನ್ ರಾಮನಾಥಪುರದಲ್ಲಿ ಎದುರಿಸಿದ್ದು 1798ರಲ್ಲಿ. ಮರುವರ್ಷ ಮೇಜರ್ ಬ್ಯಾನರ್‌ಮನ್ ಪಾಂಚಾಲಂಕುರಿಚಿ ಕೋಟೆಯ ಮೇಲೆ ಬಿದ್ದ; 1799ರ ಅಕ್ಟೋಬರ್ 16ರಂದು ಕಯತ್ತಾರಿನಲ್ಲಿ ಕಟ್ಟಬೊಮ್ಮನ್‌ಗೆ ನೇಣು. ಸಂಭಾಷಣೆ ಶಕ್ತಿ ಕೃಷ್ಣಸ್ವಾಮಿಯವರದು. ಶಿವಾಜಿ 1957ರಿಂದಲೇ ಈ ಪಾತ್ರವನ್ನು ರಂಗದ ಮೇಲೆ ಆಡುತ್ತಿದ್ದರು. ಅದಕ್ಕೇ ಪ್ರತಿ ಸಾಲೂ ಚಪ್ಪಾಳೆಗೆ ಜಾಗ ಬಿಟ್ಟುಕೊಂಡು ಏರುತ್ತದೆ. ಯುದ್ಧದ ದೃಶ್ಯಗಳಿಗಿಂತ ನಾಲಿಗೆಯ ಯುದ್ಧವೇ ಮೇಲು ಎಂಬುದು ನಮ್ಮ ಅಭಿಪ್ರಾಯ. 1960ರಲ್ಲಿ ಕೈರೋದ ಆಫ್ರೋ-ಏಷ್ಯನ್ ಚಿತ್ರೋತ್ಸವ ಶಿವಾಜಿಗೆ ಶ್ರೇಷ್ಠ ನಟ ಪ್ರಶಸ್ತಿ ಕೊಟ್ಟಿತು, ಜಿ. ರಾಮನಾಥನ್ ಅವರ ಸಂಗೀತಕ್ಕೂ ಅಲ್ಲಿ ಪ್ರಶಸ್ತಿ ಬಂತು.

ಪ್ರಶ್ನೆ: ನಿರ್ದೇಶಕರು ಕನ್ನಡಿಗರೇ? (ದುಬೈ)

ಉತ್ತರ: ಹೌದು, ಬಿ.ಆರ್. ಪಂತುಲು. 1961ರಲ್ಲಿ ಇವರೇ ಬಿ. ಸರೋಜಾದೇವಿಯವರನ್ನು ನಾಯಕಿಯಾಗಿಸಿ ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’ ಮಾಡಿದರು. ಕಂಪನಿಯ ಅಧಿಕಾರಿ, ಕಪ್ಪದ ತಗಾದೆ, ಕೋಟೆಯ ಮುತ್ತಿಗೆ ಎರಡರಲ್ಲೂ ಇವೆ. ತಮಿಳಿನದನ್ನು ಮೊದಲು ನೋಡಿ, ಆಮೇಲೆ ಕನ್ನಡದ್ದು.