14ರ ಹುಡುಗ ಭಾರ ಎತ್ತಬಹುದಾ?

ಸರ್, ರೋಯಿಂಗ್ (ದೋಣಿ ಹುಟ್ಟು ಹಾಕುವ ಆಟ) ಮಾಡುವ 14 ವರ್ಷದ ಮಗ ಭಾರ ಎತ್ತಿದರೆ ಕುಳ್ಳಗೇ ಉಳಿದುಬಿಡ್ತಾನಾ ಅಂತ ಕೇಳಿದ್ದೀರಿ. ಇಲ್ಲ. ಸರಿಯಾಗಿ ಕಲಿಸುವವರು ಪಕ್ಕದಲ್ಲಿದ್ದರೆ ಬೆಳವಣಿಗೆಗೆ ಏನೂ ಆಗುವುದಿಲ್ಲ.

ನನಗೆ ಚಿಂತೆ ಅವನ ಬೆನ್ನಿನದು. 2000 ಮೀಟರ್ ರೇಸಿನಲ್ಲಿ 200ಕ್ಕೂ ಹೆಚ್ಚು ಸಲ ಹುಟ್ಟು ಎಳೆಯಬೇಕು. ಬಲ ಮುಖ್ಯವಾಗಿ ಬರುವುದು ಕಾಲಿನಿಂದ, ಅದನ್ನು ಕೈಗೆ ಮುಟ್ಟಿಸುವುದು ಬೆನ್ನು. ಹಾಗಾಗಿ ಮೊದಲು ಬೆನ್ನು ಗೂನು ಮಾಡದೆ ತೊಡೆಸಂದಿನಿಂದ ಬಾಗುವುದನ್ನು ಕಲಿಯಲಿ. ಬೆನ್ನಿಗೆ ಒಂದು ಕೋಲು ಹಿಡಿದು ಬಾಗಿಸಿ ನೋಡಿ. ತಲೆ, ಬೆನ್ನು, ಬಾಲದ ಮೂಳೆ ಮೂರೂ ಕೋಲಿಗೆ ತಾಗಿರಬೇಕು. ಮನೆಯ ಮಾಪ್ ಕೋಲೇ ಸಾಕು! ಇದು ಬರುವ ತನಕ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು) ಬೇಡ.

ವಾರಕ್ಕೆ 2 ದಿನ ಸ್ಕ್ವಾಟ್, ಪುಶ್‌ಅಪ್, ಪ್ಲ್ಯಾಂಕ್, ಹಗುರ ಡಂಬೆಲ್ ಮಾಡಲಿ. 10 ಸಲ ಎತ್ತಿದ ಮೇಲೂ ಇನ್ನೆರಡು ಸಲ ಎತ್ತಬಲ್ಲೆ ಅನ್ನಿಸಬೇಕು, ಅಷ್ಟೇ ಭಾರ. ಎತ್ತರ ದಿಢೀರ್ ಏರುವ ತಿಂಗಳುಗಳಲ್ಲಿ ಕೈಕಾಲು ಹಿಡಿತಕ್ಕೆ ಸಿಗಲ್ಲ, ಆಗ ಇನ್ನೂ ಇಳಿಸಿ.

ರೋಯಿಂಗ್ ಮಷೀನಿನ ಡ್ಯಾಂಪರನ್ನು (ಒಳಗೆ ಹೋಗುವ ಗಾಳಿ ಹೆಚ್ಚು ಕಡಿಮೆ ಮಾಡುವ ಹಿಡಿಕೆ) ಗರಿಷ್ಠ 10ಕ್ಕೆ ಇಟ್ಟು ಎಳೆದರೆ ಶಕ್ತಿ ಬರುತ್ತೆ ಅಂತ ಹುಡುಗರು ಅಂದುಕೊಳ್ತಾರೆ. ಸುಮ್ನೆ ಬೆನ್ನಿಗೆ ಕೆಲಸ ಜಾಸ್ತಿ, ಅಷ್ಟೇ. ಪಕ್ಕೆಲುಬು ನೋವು ಅಂದರೆ ಎಳೆಯೋದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ.